ಐದೂವರೆ ಲಕ್ಷ ಒಡೆಯರ ಕಂಪನಿ

1929ರ ಆರಂಭದಲ್ಲಿ ಅಮೆರಿಕದ ಅತಿ ಶ್ರೀಮಂತ ಮನೆತನದ ಯಜಮಾನರೊಬ್ಬರು ಮತ ಕೇಳಲು ಹೊರಟಿದ್ದರು. ಅವರೇನೂ ಚುನಾವಣೆಗೆ ನಿಂತಿರಲಿಲ್ಲ. ತಮ್ಮ ತಂದೆ ಕಟ್ಟಿದ ಕಂಪನಿಯ ಅಧ್ಯಕ್ಷನೊಬ್ಬನನ್ನು ಮನೆಗೆ ಕಳಿಸಬೇಕಿತ್ತು, ಅಷ್ಟೆ.

ಅವರು ಜಾನ್ ಡಿ. ರಾಕ್‌ಫೆಲರ್ ಜೂನಿಯರ್. ಹಿರಿಯ ರಾಕ್‌ಫೆಲರ್ ಕಟ್ಟಿದ ಸ್ಟ್ಯಾಂಡರ್ಡ್ ಆಯಿಲ್ ಸಾಮ್ರಾಜ್ಯವನ್ನು 1911ರಲ್ಲಿ ಸುಪ್ರೀಂ ಕೋರ್ಟ್ 34 ಹೋಳು ಮಾಡಿತ್ತು. ಅದರಲ್ಲೊಂದು ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್. ಅದರ ಚುಕ್ಕಾಣಿ ಹಿಡಿದಿದ್ದವರು ಕರ್ನಲ್ ರಾಬರ್ಟ್ ಸ್ಟುವರ್ಟ್. ಟೀಪಾಟ್ ಡೋಮ್ ತೈಲ ಹಗರಣದ ವಿಚಾರಣೆಯಲ್ಲಿ ಸೆನೆಟ್ ಸಮಿತಿಯ ಮುಂದೆ ಅವರು ಕೊಟ್ಟ ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಸಮಾಧಾನವಾಗದ ರಾಕ್‌ಫೆಲರ್ ರಾಜೀನಾಮೆ ಕೇಳಿದರು. ಮುಂದೆ ಕೋರ್ಟಿನಲ್ಲಿ ಖುಲಾಸೆಯೂ ಆದ ಸ್ಟುವರ್ಟ್ ಜಗ್ಗಲಿಲ್ಲ. ಕಂಪನಿ ಒಳ್ಳೆಯ ಲಾಭದಲ್ಲಿದೆ, ಷೇರುದಾರರು ಖುಷಿಯಾಗಿದ್ದಾರೆ, ನಾನೇಕೆ ಹೋಗಲಿ ಎಂಬುದು ಅವರ ವಾದ.

ರಾಕ್‌ಫೆಲರ್ ಕಡೆಗಿದ್ದದ್ದು ಶೇ. 14.9ರಷ್ಟು ಷೇರು. ಆ ಕಾಲದ ಕಂಪನಿಗಳ ಮಟ್ಟಿಗೆ ಅದು ದೊಡ್ಡ ಗಂಟೇ. ಆದರೂ ಒಂದು ಮಾತಿನಲ್ಲಿ ಅಧ್ಯಕ್ಷನನ್ನು ಇಳಿಸಲಾಗಲಿಲ್ಲ. ಸಮಿತಿ ಕಟ್ಟಿ, ವಕೀಲರನ್ನಿಟ್ಟು, ದೇಶದ ಮೂಲೆಮೂಲೆಯ ಷೇರುದಾರರಿಗೆ ಪತ್ರ ಬರೆದು ‘ನಿಮ್ಮ ಮತವನ್ನು ನಮ್ಮ ಕೈಗೆ ಕೊಡಿ’ ಎಂದು ಬೇಡಬೇಕಾಯಿತು. ಮಾರ್ಚ್ 7ರಂದು ವೈಟಿಂಗ್ ಎಂಬ ಊರಿನಲ್ಲಿ ವಾರ್ಷಿಕ ಸಭೆ ಸೇರಿದಾಗ ಒಟ್ಟು ಮತಗಳಲ್ಲಿ ಸುಮಾರು ಶೇ. 59 ರಾಕ್‌ಫೆಲರ್ ಕಡೆ ಬಿದ್ದವು. ಸ್ಟುವರ್ಟ್ ಹೋದರು.

ಪತ್ರಿಕೆ ಓದುವವರಿಗೆ ಇದು ನೀತಿಯ ಗೆಲುವಾಗಿ ಕಂಡಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಂಪನಿಗಳ ಕಡತ ಹರಡಿಕೊಂಡು ಕೂತಿದ್ದ ಇಬ್ಬರು ಸಂಶೋಧಕರು ಮಾತ್ರ ಇದನ್ನು ತಿರುಗಿಸಿ ಓದಿದರು. ಹೆಸರು, ಹಣ, ಎದುರಾಳಿಯ ಮೇಲಿನ ಕಳಂಕ, ಈ ಮೂರೂ ಜೊತೆಗಿದ್ದ ರಾಕ್‌ಫೆಲರ್‌ಗೇ ಇಷ್ಟು ಬೆವರಿಳಿದರೆ, ಹತ್ತು ಷೇರು ಇಟ್ಟುಕೊಂಡ ಶಾಲಾ ಮಾಸ್ತರರ ಪಾಡೇನು?

ಮತವಿಲ್ಲದ ಷೇರು

ಪರಿಸ್ಥಿತಿ ಇಲ್ಲಿಗೆ ಬಂದು ಮುಟ್ಟಿದ್ದು ಒಂದೇ ದಿನದಲ್ಲಲ್ಲ. ಅಮೆರಿಕದಲ್ಲಿ ಕಂಪನಿಗೆ ಹುಟ್ಟು ಕೊಡುವುದು ಕೇಂದ್ರ ಸರ್ಕಾರವಲ್ಲ, ರಾಜ್ಯಗಳು. ನೋಂದಣಿ ಶುಲ್ಕದ ಆಸೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಜೆರ್ಸಿ ತನ್ನ ಕಾನೂನನ್ನು ಸಡಿಲ ಮಾಡಿತು. ಕಂಪನಿ ಇನ್ನೊಂದು ಕಂಪನಿಯ ಷೇರು ಕೊಳ್ಳಬಹುದು ಎಂದಿತು. 1899ರಲ್ಲಿ ಪುಟ್ಟ ಡೆಲವೇರ್ ಅದೇ ದಾರಿ ಹಿಡಿಯಿತು. 1913ರಲ್ಲಿ ನ್ಯೂಜೆರ್ಸಿಯ ಗವರ್ನರ್ ಆಗಿದ್ದ ವುಡ್ರೋ ವಿಲ್ಸನ್ ಅಲ್ಲಿ ಕಾನೂನನ್ನು ಬಿಗಿ ಮಾಡಿದ್ದೇ ತಡ, ಕಂಪನಿಗಳು ಗಂಟುಮೂಟೆ ಕಟ್ಟಿ ಡೆಲವೇರ್ ಕಡೆ ನಡೆದವು. ಇಂದಿಗೂ ಅವು ಅಲ್ಲೇ ಇವೆ.

ಷೇರುದಾರರ ಹಕ್ಕೇನೆಂದು ಕೋರ್ಟುಗಳು ಹೇಳದೇ ಇರಲಿಲ್ಲ. ಹೆನ್ರಿ ಫೋರ್ಡ್ ತಮ್ಮ ಕಂಪನಿಯ ಲಾಭವನ್ನು ಹಂಚದೆ ಕಾರ್ಖಾನೆ ಬೆಳೆಸಲು, ಕಾರಿನ ಬೆಲೆ ಇಳಿಸಲು ಹೊರಟಾಗ, ಸಣ್ಣ ಪಾಲು ಹೊಂದಿದ್ದ ಡಾಜ್ ಸಹೋದರರು ಕೋರ್ಟಿನ ಮೆಟ್ಟಿಲು ಹತ್ತಿದರು. ಕಂಪನಿ ಇರುವುದು ಮೊದಲಿಗೆ ಷೇರುದಾರರ ಲಾಭಕ್ಕೆ ಎಂದು 1919ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ತೀರ್ಪಿತ್ತು, 1.9 ಕೋಟಿ ಡಾಲರಿಗೂ ಹೆಚ್ಚು ಲಾಭಾಂಶ ಹಂಚಲು ಆಜ್ಞೆ ಮಾಡಿತು.

ಆರೇ ವರ್ಷ. ಅದೇ ಡಾಜ್ ಹೆಸರಿನ ಕಾರು ಕಂಪನಿ ಷೇರುದಾರರ ಹಕ್ಕು ಕರಗಿಹೋದ ಕತೆಗೆ ಉದಾಹರಣೆಯಾಯಿತು. ಸಹೋದರರಿಬ್ಬರೂ 1920ರಲ್ಲಿ ತೀರಿಕೊಂಡಿದ್ದರು. 1925ರಲ್ಲಿ ಡಿಲನ್, ರೀಡ್ ಎಂಬ ವಾಲ್ ಸ್ಟ್ರೀಟ್ ಸಂಸ್ಥೆ ಅವರ ವಿಧವೆಯರಿಂದ ಕಂಪನಿಯನ್ನು 14.6 ಕೋಟಿ ಡಾಲರಿಗೆ ಕೊಂಡಿತು. ಕೊಂಡ ಮೇಲೆ ಸಾಲಪತ್ರಗಳನ್ನೂ ಷೇರುಗಳನ್ನೂ ಜನರಿಗೆ ಮಾರಿ ಹಾಕಿದ ದುಡ್ಡನ್ನೆಲ್ಲ ಹಿಂದೆ ಪಡೆಯಿತು. ಆದರೆ ಜನರ ಕೈಗೆ ಹೋದ ಷೇರುಗಳಿಗೆ ಮತವಿರಲಿಲ್ಲ. ಮತವಿದ್ದ ‘ಬಿ’ ಷೇರುಗಳು ಮಾರಿದವರ ಹತ್ತಿರವೇ ಉಳಿದವು. ದುಡ್ಡು ಊರಿನದು, ಮತ ಡಿಲನ್‌ರದು.

ಹಾರ್ವರ್ಡಿನ ಅರ್ಥಶಾಸ್ತ್ರಜ್ಞ ವಿಲಿಯಂ ರಿಪ್ಲಿ ಇದನ್ನು ಕಂಡು ಗುಡುಗಿದರು. 1925ರ ಭಾಷಣ, ಮರುವರ್ಷ ‘ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆದ ಲೇಖನಗಳು, 1927ರಲ್ಲಿ ಬಂದ ‘ಮೇನ್ ಸ್ಟ್ರೀಟ್ ಆ್ಯಂಡ್ ವಾಲ್ ಸ್ಟ್ರೀಟ್’ ಪುಸ್ತಕ, ಎಲ್ಲವೂ ಸದ್ದು ಮಾಡಿದವು. 1926ರ ಜನವರಿಯಲ್ಲಿ ನ್ಯೂಯಾರ್ಕ್ ಷೇರುಪೇಟೆ ಮತವಿಲ್ಲದ ಷೇರುಗಳಿಗೆ ಬಾಗಿಲು ಮುಚ್ಚತೊಡಗಿತು. ಅಧ್ಯಕ್ಷ ಕೂಲಿಡ್ಜ್ ಪ್ರೊಫೆಸರರನ್ನು ಶ್ವೇತಭವನಕ್ಕೆ ಕರೆಸಿಕೊಂಡರು. ಕಂಪನಿ ಕಾನೂನು ರಾಜ್ಯಗಳ ಪಾಲಿನದು, ಕೇಂದ್ರ ಮಾಡಬಹುದಾದ್ದು ಕಡಿಮೆ ಎಂದು ತಿಳಿದಾಗ ಅವರು ನಿರಾಳರಾದರು ಎನ್ನುತ್ತಾರೆ.

ರಿಪ್ಲಿ ಕೊಟ್ಟದ್ದು ಎಚ್ಚರಿಕೆಯ ಗಂಟೆ. ದೇಶದಲ್ಲಿ ಇಂಥ ಕಂಪನಿಗಳೆಷ್ಟು, ಅವುಗಳ ಕೈಯಲ್ಲಿ ಇರುವ ಸಂಪತ್ತೆಷ್ಟು ಎಂಬ ಲೆಕ್ಕ ಇನ್ನೂ ಬಾಕಿಯಿತ್ತು.

ವಕೀಲ ಮತ್ತು ಕಂಬಳಿ ನೇಯಿಸುವಾತ

ಲೆಕ್ಕ ಹಿಡಿದವರು ಅಡಾಲ್ಫ್ ಬರ್ಲಿ ಮತ್ತು ಗಾರ್ಡಿನರ್ ಮೀನ್ಸ್. ಬರ್ಲಿ ಹದಿನಾಲ್ಕಕ್ಕೇ ಹಾರ್ವರ್ಡ್ ಸೇರಿ, ಇಪ್ಪತ್ತೊಂದಕ್ಕೆ ಕಾನೂನು ಪದವಿ ಮುಗಿಸಿದ ಹುಡುಗ. ತನ್ನ ಬುದ್ಧಿಯ ಬಗ್ಗೆ ಆತನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮುಂದೆ ದೇಶದ ಅಧ್ಯಕ್ಷರಿಗೆ ಬರೆಯುವ ಪತ್ರಗಳನ್ನೂ ‘ಪ್ರಿಯ ಸೀಸರ್’ ಎಂದು ಶುರು ಮಾಡುತ್ತಿದ್ದ. ಮೀನ್ಸ್ ಬೇರೆಯದೇ ಅಚ್ಚು. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಟರ್ಕಿಯಲ್ಲಿ ನಿರಾಶ್ರಿತರ ನಡುವೆ ದುಡಿದು, ಆಮೇಲೆ ಲೋವೆಲ್ ಪಟ್ಟಣದಲ್ಲಿ ಸ್ವಂತ ಮಗ್ಗ ಹಾಕಿಕೊಂಡು ಕಂಬಳಿ ನೇಯಿಸಿ ಮಾರಿದವರು. ಕಂಪನಿ ಎಂದರೆ ಅವರಿಗೆ ಮೊದಲು ನೆನಪಾಗುತ್ತಿದ್ದದ್ದು ತಾವೇ ದುಡ್ಡು ಹಾಕಿ, ತಾವೇ ನೂಲು ಮುಟ್ಟಿ ನೋಡುತ್ತಿದ್ದ ಅಂಗಡಿ. ಅಲ್ಲಿಂದ ಅರ್ಥಶಾಸ್ತ್ರ ಓದಲು ಹಾರ್ವರ್ಡಿಗೆ ಬಂದಾಗ, ಪಠ್ಯದಲ್ಲಿದ್ದ ವ್ಯಾಪಾರಿಗೂ ಹೊರಗೆ ಕಾಣುವ ದೈತ್ಯ ಕಂಪನಿಗಳಿಗೂ ಸಂಬಂಧವೇ ಇಲ್ಲವೆನಿಸಿತು.

ಇಬ್ಬರನ್ನೂ ಹತ್ತಿರ ತಂದದ್ದು ಮನೆಯ ನಂಟು. ಬರ್ಲಿಯ ಹೆಂಡತಿ ಬಿಯಾಟ್ರಿಸ್, ಮೀನ್ಸ್‌ರ ಹೆಂಡತಿ ಕ್ಯಾರೊಲಿನ್ ವೇರ್ ಇಬ್ಬರೂ ವಾಸರ್ ಕಾಲೇಜಿನ ಗೆಳತಿಯರು. ಕ್ಯಾರೊಲಿನ್ ಸ್ವತಃ ಹತ್ತಿ ಗಿರಣಿಗಳ ಚರಿತ್ರೆ ಬರೆದ ವಿದುಷಿ. 1927ರಲ್ಲಿ ಕೊಲಂಬಿಯಾ ಸೇರಿದ ಬರ್ಲಿಗೆ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯ ಧನಸಹಾಯ ಸಿಕ್ಕಿತು. ಕಾನೂನು ನೋಡಲು ಬರ್ಲಿ, ಅಂಕಿಗಳಿಗೆ ಮೀನ್ಸ್.

ಮೀನ್ಸ್‌ರದು ಗುಮಾಸ್ತಗಿರಿಯಂಥ ತಾಳ್ಮೆಯ ಕೆಲಸ. ಬ್ಯಾಂಕುಗಳನ್ನು ಬಿಟ್ಟು ದೇಶದ ಅತಿ ದೊಡ್ಡ 200 ಕಂಪನಿಗಳ ಪಟ್ಟಿ ಮಾಡಿದರು: 42 ರೈಲ್ವೆ, 52 ವಿದ್ಯುತ್ತು-ದೂರವಾಣಿಯಂಥ ಸಾರ್ವಜನಿಕ ಸೇವೆ, 106 ಕೈಗಾರಿಕೆ. ಮೂಡೀಸ್ ಕೈಪಿಡಿ, ಪತ್ರಿಕೆಯ ವರದಿ ಎಲ್ಲವನ್ನೂ ಜಾಲಾಡಿ ಒಂದೊಂದು ಕಂಪನಿಯ ಎದುರೂ ಒಂದೇ ಪ್ರಶ್ನೆಗೆ ಉತ್ತರ ಬರೆದರು: ನಿರ್ದೇಶಕರನ್ನು ಆರಿಸುವ ಶಕ್ತಿ ನಿಜವಾಗಿ ಯಾರ ಕೈಯಲ್ಲಿದೆ?

ಕೂಡಿಸಿ ನೋಡಿದರೆ, 1930ರ ಆರಂಭಕ್ಕೆ ಈ ಇನ್ನೂರರ ಆಸ್ತಿ 8,100 ಕೋಟಿ ಡಾಲರ್. ಬ್ಯಾಂಕೇತರ ಕಂಪನಿಗಳ ಒಟ್ಟು ಸಂಪತ್ತಿನಲ್ಲಿ ಹತ್ತಿರ ಹತ್ತಿರ ಅರ್ಧ. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಷೇರು ಒಬ್ಬರ ಅಥವಾ ಒಂದು ಗುಂಪಿನ ಕೈಯಲ್ಲಿದ್ದ ಕಂಪನಿಗಳು ಶೇ. 11 ಮಾತ್ರ. ಉಳಿದವುಗಳಲ್ಲಿ ಕೆಲವನ್ನು ಸಣ್ಣ ಪಾಲಿನ ಬಲದಿಂದ, ಕೆಲವನ್ನು ಮತವಿಲ್ಲದ ಷೇರು, ಕಂಪನಿಯ ಮೇಲೆ ಕಂಪನಿ ಕಟ್ಟಿದ ಗೋಪುರ ಮುಂತಾದ ಕಾನೂನಿನ ಕೈಚಳಕದಿಂದ ಆಳಲಾಗುತ್ತಿತ್ತು. ಶೇ. 44ರಷ್ಟು ಕಂಪನಿಗಳಲ್ಲಂತೂ ಹೇಳಿಕೊಳ್ಳುವಂಥ ಪಾಲು ಯಾರಿಗೂ ಇರಲಿಲ್ಲ. ಆಳುತ್ತಿದ್ದವರು ಸಂಬಳದ ಆಡಳಿತಗಾರರು. ಸಂಪತ್ತಿನ ಲೆಕ್ಕದಲ್ಲಿ ಇವರ ಪಾಲು ಶೇ. 58.

ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿಯನ್ನೇ ನೋಡಿ. 4,54,000 ನೌಕರರು, 5,67,694 ಷೇರುದಾರರು. ಅತಿ ದೊಡ್ಡ ಷೇರುದಾರನ ಪಾಲು ಶೇ. 1ಕ್ಕಿಂತ ಕಡಿಮೆ. ಐದೂವರೆ ಲಕ್ಷ ಒಡೆಯರಿದ್ದ ಈ ಕಂಪನಿಯಲ್ಲಿ ‘ಇದು ನನ್ನದು’ ಎಂದು ಮೇಜು ಕುಟ್ಟಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ.

ಸಭೆಯ ಮುನ್ನ ಷೇರುದಾರರ ಮನೆಗೆ ಅಂಚೆಯಲ್ಲಿ ಬರುತ್ತಿದ್ದ ಪ್ರಾಕ್ಸಿ ಚೀಟಿಯ ಹತ್ತಿರ ಬರ್ಲಿ ಮತ್ತು ಮೀನ್ಸ್ ನಿಂತು ನೋಡಿದರು. ಚೀಟಿ ಬಂದವನಿಗೆ ಮೂರು ದಾರಿ. ಸುಮ್ಮನಿರಬಹುದು. ರೈಲಿನ ಖರ್ಚು ಹಾಕಿಕೊಂಡು ಸಭೆಗೆ ಹೋಗಿ ತನ್ನ ಹತ್ತು ಮತ ಹಾಕಿ ಬರಬಹುದು. ಇಲ್ಲವೇ ಚೀಟಿಗೆ ಸಹಿ ಹಾಕಿ ತನ್ನ ಮತವನ್ನು ಒಂದು ಸಮಿತಿಗೆ ಒಪ್ಪಿಸಬಹುದು. ಆ ಸಮಿತಿಯನ್ನು ನೇಮಿಸುವವರು ಯಾರು? ಈಗಿರುವ ಆಡಳಿತದವರೇ. ಚೀಟಿ ಅಚ್ಚು ಹಾಕಿಸುವ, ಅಂಚೆಗೆ ಹಾಕುವ ಖರ್ಚು ಕಂಪನಿಯದು, ಅಂದರೆ ಷೇರುದಾರನದೇ. ಹೀಗೆ ಆಡಳಿತದವರು ತಮ್ಮನ್ನು ತಾವೇ ಮತ್ತೆ ಮತ್ತೆ ಆರಿಸಿಕೊಳ್ಳುತ್ತಿದ್ದರು.

‘ಉಳುವವನೇ ಒಡೆಯ’ ಎಂಬುದು ನಮ್ಮಲ್ಲಿ ಗೇಣಿದಾರರ ಪರವಾಗಿ ಎದ್ದ ಕೂಗು. ಅಮೆರಿಕದ ಕಂಪನಿಯಲ್ಲಿ ಅದು ಯಾರೂ ಕೂಗದೆಯೇ ನಡೆದುಹೋಗಿತ್ತು. ಅಲ್ಲಿ ಉಳುವವನು ಮಾತ್ರ ಬಡವನಾಗಿರಲಿಲ್ಲ.

ಯಾರ ಧರ್ಮದರ್ಶಿ?

ಲೆಕ್ಕ ನಡೆಯುತ್ತಿದ್ದಾಗಲೇ ಮಾರುಕಟ್ಟೆ ಕುಸಿಯಿತು. 1929ರ ಸೆಪ್ಟೆಂಬರ್ 3ರಂದು 381 ಮುಟ್ಟಿದ್ದ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈ 8ಕ್ಕೆ 41ಕ್ಕೆ ಇಳಿದಿತ್ತು. ಹತ್ತು ರೂಪಾಯಿ ಇಟ್ಟವನ ಕೈಯಲ್ಲಿ ಒಂದು ರೂಪಾಯಿ ಚಿಲ್ಲರೆ ಉಳಿದ ಹಾಗೆ.

ಈ ಕತ್ತಲಲ್ಲೇ ‘ಹಾರ್ವರ್ಡ್ ಲಾ ರಿವ್ಯೂ’ ಪುಟಗಳಲ್ಲಿ ಒಂದು ಜಗಳ ಹತ್ತಿಕೊಂಡಿತು. ಕಂಪನಿಯ ಅಧಿಕಾರವೆಲ್ಲ ಷೇರುದಾರರಿಗಾಗಿ ಹಿಡಿದ ನ್ಯಾಸ ಎಂದು 1931ರಲ್ಲಿ ಬರ್ಲಿ ಬರೆದರು. ದೇವಸ್ಥಾನದ ಧರ್ಮದರ್ಶಿ ಹುಂಡಿಯ ಒಡೆಯನಲ್ಲವಲ್ಲ, ಹಾಗೆ. ಮರುವರ್ಷ ಹಾರ್ವರ್ಡಿನ ಮೆರಿಕ್ ಡಾಡ್ ಉತ್ತರ ಕೊಟ್ಟರು: ಧರ್ಮದರ್ಶಿ ಸರಿ, ಆದರೆ ಷೇರುದಾರರಿಗೆ ಮಾತ್ರವೇ ಏಕೆ? ನೌಕರರಿದ್ದಾರೆ, ಗಿರಾಕಿಗಳಿದ್ದಾರೆ, ಊರಿದೆ. ಲಾಭದ ಜೊತೆಗೆ ಸಮಾಜಸೇವೆಯೂ ಕಂಪನಿಯ ಕೆಲಸವಲ್ಲವೇ?

ಬರ್ಲಿಗೆ ಈ ಮಾತು ಹಿಡಿಸದೇ ಇರಲಿಲ್ಲ. ಅದು ಆಡಳಿತಗಾರರ ಬಾಯಿಗೆ ಸಿಕ್ಕರೆ ಏನಾಗುತ್ತದೆಂಬುದೇ ಅವರ ಭಯ. ಎಲ್ಲರಿಗೂ ಉತ್ತರ ಕೊಡಬೇಕಾದವನು ಕೊನೆಗೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಲಾಭಾಂಶ ಕಡಿಮೆಯಾದರೆ ನೌಕರರ ಹೆಸರು, ಕೂಲಿ ಕಡಿಮೆಯಾದರೆ ಷೇರುದಾರರ ಹೆಸರು ಹೇಳಿ ಪಾರಾಗಬಹುದು. ಕೇಳುವ ಹಕ್ಕನ್ನು ಜಾರಿಗೆ ತರುವ ಗಟ್ಟಿ ದಾರಿ ಸಿಗುವವರೆಗೆ ಷೇರುದಾರನ ಹಿಡಿತವನ್ನು ಬಿಡಿಸಬೇಡಿ ಎಂದರು.

‘ದ ಮಾಡರ್ನ್ ಕಾರ್ಪೊರೇಷನ್ ಆ್ಯಂಡ್ ಪ್ರೈವೇಟ್ ಪ್ರಾಪರ್ಟಿ’ ಹೊರಬಂದದ್ದು 1932ರಲ್ಲಿ. ಆ ಹೊತ್ತಿಗೆ ಬರ್ಲಿ ಕೊಲಂಬಿಯಾದ ರೇಮಂಡ್ ಮೋಲಿ, ರೆಕ್ಸ್‌ಫರ್ಡ್ ಟಗ್ವೆಲ್ ಜೊತೆ ಫ್ರಾಂಕ್ಲಿನ್ ರೂಸ್ವೆಲ್ಟರ ಚುನಾವಣಾ ಸಲಹೆಗಾರರ ಕೂಟ ಸೇರಿದ್ದರು. ಸೆಪ್ಟೆಂಬರ್ 23ರಂದು ಸ್ಯಾನ್ ಫ್ರಾನ್ಸಿಸ್ಕೋದ ಕಾಮನ್‌ವೆಲ್ತ್ ಕ್ಲಬ್ಬಿನಲ್ಲಿ ರೂಸ್ವೆಲ್ಟ್ ಮಾಡಿದ ಭಾಷಣದ ಕರಡು ಬಂದದ್ದು ಬರ್ಲಿ ಮನೆಯಿಂದ. ಆರುನೂರು ಚಿಲ್ಲರೆ ಕಂಪನಿಗಳು ದೇಶದ ಉದ್ಯಮದ ಮೂರರಲ್ಲಿ ಎರಡು ಪಾಲನ್ನು ಹಿಡಿದಿವೆ ಎಂದು ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಲೆಕ್ಕ ಒಪ್ಪಿಸಿದರು.

ಕಣ್ಣು ಕೊಟ್ಟ ಕಾನೂನು

ಅಂಕಿ ಅಂಶ ಓದಿ ಜನ ರೊಚ್ಚಿಗೇಳುವುದಿಲ್ಲ. ಅದಕ್ಕೆ ಮುಖಗಳು ಬೇಕು. ಆ ಮುಖಗಳನ್ನು ಒದಗಿಸಿದವರು ಫರ್ಡಿನಾಂಡ್ ಪೆಕೋರಾ. ಸಿಸಿಲಿಯಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಬಂದು, ನ್ಯೂಯಾರ್ಕಿನ ಸರ್ಕಾರಿ ವಕೀಲರ ಕಚೇರಿಯಲ್ಲಿ ಪಳಗಿದವರು. 1933ರ ಜನವರಿಯಲ್ಲಿ ತಿಂಗಳಿಗೆ 255 ಡಾಲರ್ ಸಂಬಳಕ್ಕೆ ಸೆನೆಟ್ ಬ್ಯಾಂಕಿಂಗ್ ಸಮಿತಿಯ ವಕೀಲರಾದರು. ಫೆಬ್ರುವರಿಯಲ್ಲಿ ಅವರ ಎದುರು ಕೂತದ್ದು ನ್ಯಾಷನಲ್ ಸಿಟಿ ಬ್ಯಾಂಕಿನ ಚಾರ್ಲ್ಸ್ ಮಿಚೆಲ್. 1929ರಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಗಳಿಸಿದ್ದ ಮಿಚೆಲ್ ತಮ್ಮ ಷೇರುಗಳನ್ನು ಹೆಂಡತಿಗೆ ‘ಮಾರಿ’, ನಷ್ಟ ತೋರಿಸಿ, ಬಿಡಿಗಾಸು ಆದಾಯ ತೆರಿಗೆಯನ್ನೂ ಕಟ್ಟಿರಲಿಲ್ಲ. ಇದನ್ನು ಬಾಯಿಬಿಟ್ಟ ವಾರದೊಳಗೆ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ ಜೆ.ಪಿ. ಮಾರ್ಗನ್ ಜೂನಿಯರ್ ಸರದಿ. ಹಿಂದಿನ ಎರಡು ವರ್ಷ ಅವರೂ ಆದಾಯ ತೆರಿಗೆ ಕಟ್ಟಿರಲಿಲ್ಲವೆಂಬುದು ಬಯಲಾಯಿತು. ದೊಡ್ಡ ಮನುಷ್ಯರಿಗೆ ಮಾರುಕಟ್ಟೆಗಿಂತ ಅಗ್ಗಕ್ಕೆ ಷೇರು ಹಂಚಿದ ಪಟ್ಟಿಯೂ ಹೊರಬಿತ್ತು.

ಇತ್ತ ರೂಸ್ವೆಲ್ಟ್ ಅಧ್ಯಕ್ಷರಾದ ಮೇಲೆ ಷೇರು ಮಾರಾಟದ ಕಾನೂನು ಬರೆಯುವ ಕೆಲಸ ಮೂವರು ಯುವಕರ ಹೆಗಲಿಗೆ ಬಿತ್ತು. ಹಾರ್ವರ್ಡಿನ ಪ್ರೊಫೆಸರ್ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಆರಿಸಿದ ಜೇಮ್ಸ್ ಲ್ಯಾಂಡಿಸ್, ಬೆಂಜಮಿನ್ ಕೋಹೆನ್, ಥಾಮಸ್ ಕಾರ್ಕರನ್ 1933ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿ, ಇಂಗ್ಲಿಷ್ ಕಂಪನಿ ಕಾನೂನನ್ನು ಮುಂದಿಟ್ಟುಕೊಂಡು, ಒಂದೇ ವಾರಾಂತ್ಯದಲ್ಲಿ ಮೊದಲ ಕರಡು ಸಿದ್ಧ ಮಾಡಿದರು. ಮೇ 27ರಂದು ಅದಕ್ಕೆ ರೂಸ್ವೆಲ್ಟರ ಸಹಿ ಬಿತ್ತು.

ಈ ಕಾನೂನಿನ ತಿರುಳು ಸರಳ. ಷೇರು ಒಳ್ಳೆಯದೋ ಕೆಟ್ಟದ್ದೋ ಎಂದು ಸರ್ಕಾರ ಹೇಳುವುದಿಲ್ಲ. ಮಾರುವವನು ಸತ್ಯ ಹೇಳಬೇಕು, ಅಷ್ಟೆ. ಲೆಕ್ಕಪತ್ರ ಸಲ್ಲಿಸಿ, ಇಪ್ಪತ್ತು ದಿನ ಕಾದು ಆಮೇಲೆ ಮಾರಬೇಕು. ಸುಳ್ಳಿದ್ದರೆ ನಿರ್ದೇಶಕರೇ ಹೊಣೆ. 1934ರ ಜೂನ್ 6ರ ಕಾನೂನು ಷೇರುಪೇಟೆಗಳ ಮೇಲೆ ಕಾವಲಿಗೆ ಎಸ್‌ಇಸಿ ಆಯೋಗವನ್ನು ಕೂರಿಸಿತು, ಪ್ರಾಕ್ಸಿ ಚೀಟಿಗೂ ನಿಯಮ ತಂದಿತು. ಮೊದಲ ಅಧ್ಯಕ್ಷ ಜೋಸೆಫ್ ಕೆನಡಿ, ಸ್ವತಃ ಪಳಗಿದ ಸಟ್ಟಾ ವ್ಯಾಪಾರಿ. ಜನ ಹುಬ್ಬೇರಿಸಿದರು. ಹಾವಿನ ಹೆಜ್ಜೆ ಹಾವೇ ಬಲ್ಲುದು ಎಂಬುದು ರೂಸ್ವೆಲ್ಟರ ಲೆಕ್ಕಾಚಾರವಾಗಿತ್ತು.

ಯೇಲ್ ಪ್ರೊಫೆಸರ್ ವಿಲಿಯಂ ಡಗ್ಲಸ್ ಮಾತ್ರ ಆಗಲೇ ತಕರಾರು ತೆಗೆದರು. ರಕ್ಷಣೆ ಯಾರಿಗೆ ಬೇಕೋ ಆ ಸಣ್ಣ ಹೂಡಿಕೆದಾರ ಈ ದಪ್ಪ ಕಾಗದಗಳನ್ನು ಓದುವುದಿಲ್ಲ, ಓದಿದರೂ ಅರ್ಥವಾಗುವುದಿಲ್ಲ ಎಂದರು. ಇದೇ ಡಗ್ಲಸ್ 1937ರಲ್ಲಿ ಎಸ್‌ಇಸಿ ಅಧ್ಯಕ್ಷರಾದರು. ಅವರ ತಕರಾರು ನಾಟಿದ್ದು ಮರ್ಮಕ್ಕೆ. ಬರ್ಲಿ ಮತ್ತು ಮೀನ್ಸ್ ಕಂಡಿದ್ದ ಷೇರುದಾರನಿಗೆ ಕಣ್ಣೂ ಇರಲಿಲ್ಲ, ಕೈಯೂ ಇರಲಿಲ್ಲ. ಹೊಸ ಕಾನೂನು ಕಣ್ಣು ಕೊಟ್ಟಿತು. ಕೈ ಕೊಡುವ ಕೆಲಸ ಉಳಿದೇ ಹೋಯಿತು.

ಒಪ್ಪಿಗೆ, ತಿರುಗೇಟು, ಮತ್ತು ಇತ್ತ ನಮ್ಮಲ್ಲಿ

1954ರಲ್ಲಿ ಬರ್ಲಿ ಹೊಸ ಪುಸ್ತಕವೊಂದರಲ್ಲಿ, ವಾದವನ್ನು ಸದ್ಯಕ್ಕೆ ಡಾಡ್ ಗೆದ್ದಂತಾಗಿದೆ ಎಂದು ಒಪ್ಪಿಕೊಂಡರು. ದೊಡ್ಡ ಕಂಪನಿಗಳು ದೇಣಿಗೆ, ಪಿಂಚಣಿ, ಊರಿನ ಹಿತ ಎಂದು ಮಾತಾಡತೊಡಗಿದ್ದವು. ಕೇಳಲು ಡಾಡ್ ಬದುಕಿರಲಿಲ್ಲ, 1951ರಲ್ಲೇ ತೀರಿಕೊಂಡಿದ್ದರು.

1970ರ ದಶಕದಲ್ಲಿ ಗಾಳಿ ತಿರುಗಿತು. 1976ರಲ್ಲಿ ಮೈಕೆಲ್ ಜೆನ್ಸನ್, ವಿಲಿಯಂ ಮೆಕ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಪ್ರಶ್ನೆಗೆ ಹೊಸ ಸೂತ್ರ ಬರೆದರು. ಕೊಡಗಿನ ಕಾಫಿ ತೋಟದ ಯಜಮಾನ ಬೆಂಗಳೂರಿನಲ್ಲಿ ಕೂತು ತೋಟವನ್ನು ರೈಟರ್ ಕೈಗೆ ಬಿಟ್ಟರೆ ಒಂದಿಷ್ಟು ಸೋರಿಕೆ ಇದ್ದದ್ದೇ. ಅದನ್ನು ತಡೆಯಲು ಕಾವಲಿಡುವುದಕ್ಕೂ ಖರ್ಚಿದೆ. ಇದಕ್ಕೆ ಅವರಿಟ್ಟ ಹೆಸರು ಏಜೆನ್ಸಿ ವೆಚ್ಚ. ಆಡಳಿತಗಾರನಿಗೂ ಷೇರಿನ ರುಚಿ ಹತ್ತಿಸಿ ಎಂಬ ಮದ್ದು ಮುಂದೆ ಈ ಯೋಚನೆಯಿಂದಲೇ ಬಲ ಪಡೆಯಿತು. 1983ರಲ್ಲಿ ಜಾರ್ಜ್ ಸ್ಟಿಗ್ಲರ್ ಮತ್ತು ಕ್ಲೇರ್ ಫ್ರೀಡ್‌ಲ್ಯಾಂಡ್ ಹಳೆಯ ಅಂಕಿಗಳನ್ನೇ ಮತ್ತೆ ಕೆದಕಿ, ಒಡೆಯರಿಲ್ಲದ ಕಂಪನಿಗಳ ಆಡಳಿತಗಾರರು ಹೆಚ್ಚು ಸಂಬಳ ಹೊಡೆದುಕೊಂಡ ಕುರುಹು ಸಿಗುವುದಿಲ್ಲ ಎಂದು ತಿರುಗೇಟು ಕೊಟ್ಟರು. 1999ರಲ್ಲಿ ಲಾ ಪೋರ್ಟಾ ಮತ್ತು ಸಂಗಡಿಗರು 27 ಶ್ರೀಮಂತ ದೇಶಗಳ ದೊಡ್ಡ ಕಂಪನಿಗಳನ್ನು ನೋಡಿದಾಗ, ಬರ್ಲಿ-ಮೀನ್ಸ್ ಚಿತ್ರ ಎಲ್ಲೆಡೆಗೂ ಹೊಂದುವುದಿಲ್ಲವೆಂದು ಗೊತ್ತಾಯಿತು. ಬಹುಪಾಲು ಕಡೆ ಕುಟುಂಬಗಳೋ ಸರ್ಕಾರವೋ ಗಟ್ಟಿಯಾಗಿ ಕೂತಿದ್ದವು.

ನಮ್ಮ ಕತೆಯೂ ಹಾಗೆಯೇ. ಇಲ್ಲಿ ಬ್ರಿಟಿಷರ ಕಾಲದಿಂದ ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿಯಿತ್ತು. ಒಂದು ಮನೆತನದ ಸಂಸ್ಥೆ ಸಣ್ಣ ಪಾಲು ಇಟ್ಟುಕೊಂಡು, ಕರಾರಿನ ಬಲದಿಂದ ಹತ್ತಾರು ಕಂಪನಿಗಳನ್ನು ಆಳುತ್ತಿತ್ತು. ಆರ್.ಕೆ. ಹಜಾರಿಯವರು 1966ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮನೆತನಗಳ ಜಾಲವನ್ನು ಮೀನ್ಸ್‌ರಷ್ಟೇ ತಾಳ್ಮೆಯಿಂದ ಬಿಡಿಸಿತು. 1970ರ ಏಪ್ರಿಲ್‌ನಲ್ಲಿ ಪದ್ಧತಿ ರದ್ದಾಯಿತು, ಕಂಪನಿ ಕಟ್ಟಿದ ಮನೆತನಗಳು ‘ಪ್ರವರ್ತಕರು’ ಎಂಬ ಹೆಸರಿನಲ್ಲಿ ಉಳಿದವು. 2003ರಲ್ಲಿ ಕಂಪನಿ ಆಡಳಿತದ ಸುಧಾರಣೆಗೆ ಸೆಬಿ ನೇಮಿಸಿದ್ದ ಸಮಿತಿಯ ಅಧ್ಯಕ್ಷತೆ ವಹಿಸಿದ್ದವರು ನಮ್ಮ ಎನ್.ಆರ್. ನಾರಾಯಣಮೂರ್ತಿ. ಆರು ವರ್ಷದ ನಂತರ, 2009ರ ಜನವರಿ 7ರಂದು, ಸತ್ಯಂ ಕಂಪನಿಯ ಲೆಕ್ಕವೇ ಸುಳ್ಳೆಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದರು. ಆ ಹೊತ್ತಿಗೆ ಪ್ರವರ್ತಕರ ಪಾಲು ಶೇ. 10ಕ್ಕಿಂತ ಕೆಳಗಿಳಿದಿತ್ತು. ಬರ್ಲಿ ಮತ್ತು ಮೀನ್ಸ್ ಓದಿದವರಿಗೆ ಆ ಅಂಕಿ ತೀರಾ ಪರಿಚಿತ.

2013ರ ಕಂಪನಿ ಕಾಯ್ದೆಯಲ್ಲಿ ಹಳೆಯ ವಾದದ ಇಬ್ಬರೂ ಒಟ್ಟಿಗೆ ಕೂತಿದ್ದಾರೆ. ನಿರ್ದೇಶಕರು ಷೇರುದಾರರ ಜೊತೆ ನೌಕರರು, ಸಮುದಾಯ, ಪರಿಸರದ ಹಿತವನ್ನೂ ನೋಡಬೇಕು ಎನ್ನುತ್ತದೆ 166ನೇ ಕಲಂ. ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಮಾಜಕ್ಕೆ ವೆಚ್ಚ ಮಾಡಬೇಕು ಎನ್ನುತ್ತದೆ 135. ಇದು ಡಾಡ್ ದನಿ. ಪಟ್ಟಿಯಾದ ಕಂಪನಿಗಳ ಷೇರುದಾರರು ಮನೆಯಿಂದಲೇ ಮತ ಹಾಕಲು ವ್ಯವಸ್ಥೆಯಿರಬೇಕು ಎಂಬ 108ನೇ ಕಲಂ ಬರ್ಲಿಯ ಪಾಲಿನದು.

ಹಾಗಾಗಿ ಜುಲೈ-ಆಗಸ್ಟ್ ಬಂತೆಂದರೆ ಷೇರಿಟ್ಟವರ ಇಮೇಲಿಗೆ ವಾರ್ಷಿಕ ಸಭೆಯ ನೋಟಿಸು ಬರುತ್ತದೆ. ಮುನ್ನೂರು ಪುಟದ ವರದಿ, ಒಂದು ಲಾಗಿನ್, ಠರಾವುಗಳ ಸಾಲು, ಪ್ರತಿ ಠರಾವಿನ ಎದುರು ಪರ-ವಿರೋಧದ ಎರಡು ಗುಂಡಿ. ರೈಲು ಹತ್ತಬೇಕಾಗಿಲ್ಲ, ಚೀಟಿಗೆ ಸಹಿ ಹಾಕಬೇಕಾಗಿಲ್ಲ. ಮೂರು ದಾರಿಗಳಲ್ಲಿ ಎರಡು ಹೀಗೆ ಬದಲಾಗಿವೆ. ನಮ್ಮಲ್ಲಿ ಹೆಚ್ಚಿನವರು ಹಿಡಿಯುವುದು ಮಾತ್ರ 1929ರಲ್ಲಿದ್ದ ಮೊದಲನೆಯ ದಾರಿಯನ್ನೇ: ಸುಮ್ಮನಿರುವುದು.